ಮೀನು ಸತ್ತದ್ದು ಯಾವುದರಿಂದ? ಕಾರಣತತ್ತ್ವದ ಒಂದು ವಿಚಾರ

ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೀನುಗಳು ಒಮ್ಮೆಲೇ ಸತ್ತಾಗ ಏಳುವ ಪ್ರಶ್ನೆ ಒಂದೇ ಎಂಬಂತೆ ತೋರುತ್ತದೆ: ಯಾವುದರಿಂದ ಸತ್ತವು? ಆದರೆ ಇದರೊಳಗೆ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ಸಾವಿಗೆ ಮುಂಚೆ ಏನೇನು ನಡೆಯಿತು ಎಂಬುದು ಮೊದಲನೆಯದು. ಹಾಗೆ ನಡೆದುದರಲ್ಲಿ ಸಾವನ್ನು ತಂದದ್ದು ಯಾವುದು ಎಂಬುದು ಎರಡನೆಯದು. ಹೊಣೆ ಯಾರದು ಎಂಬುದು ಮೂರನೆಯದು. ‘ಕಾರಣ’ ಎಂಬ ಒಂದೇ ಮಾತು ಮೂರಕ್ಕೂ ಸಲ್ಲುವುದರಿಂದ ಒಂದಕ್ಕೆ ಸಿಕ್ಕ ಉತ್ತರವನ್ನು ಇನ್ನೊಂದರ ಮೇಲೆ ಹೇರುವುದು ಬಹಳ ಸುಲಭ. ಭಾರತೀಯ ದರ್ಶನಗಳು, ಅದರಲ್ಲೂ ನ್ಯಾಯದರ್ಶನ, ಈ ಎಳೆಗಳನ್ನು ಬಿಡಿಸುವುದಕ್ಕೆ ಶತಮಾನಗಳ ಕಾಲ ದುಡಿದಿವೆ. ಅವು ಎತ್ತಿಕೊಂಡ ಉದಾಹರಣೆಗಳು ಮಡಕೆ, ಬಟ್ಟೆ, ಬೆಂಕಿ, ಹೊಗೆ. ಗಾಜಿನ ತೊಟ್ಟಿಯೂ ಆ ಸಾಲಿಗೆ ಸೇರಬಲ್ಲ ಉದಾಹರಣೆ.

ಕಾರಣವಿಚಾರಕ್ಕೆ ಅಕ್ವೇರಿಯಂ ಒಪ್ಪುವುದಕ್ಕೆ ಒಂದು ವಿಶೇಷವಿದೆ. ಕಡಲಿನಲ್ಲಿ ಮೀನು ಸತ್ತರೆ ಅದರ ಹಿಂದಿನ ಸಂಗತಿಗಳಿಗೆ ಎಲ್ಲೆಯೇ ಇಲ್ಲ. ತೊಟ್ಟಿಯಲ್ಲಿ ಹಾಗಲ್ಲ, ಅಲ್ಲಿ ಇರುವುದೆಲ್ಲ ಯಾರೋ ತಂದು ಇಟ್ಟದ್ದು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪನ್ನು ಯಾರೋ ಅಳೆದು ಕರಗಿಸಿದ್ದಾರೆ. ನೀರಿನ ಪಿಎಚ್ 8.1ರಿಂದ 8.4ರ ನಡುವೆ ನಿಲ್ಲುವಂತೆ ನೋಡಿಕೊಂಡಿದ್ದಾರೆ. 25 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಎಂಟು ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, ಅದೇ ಶಾಖದ ಕಡಲನೀರು ಹಿಡಿಯುವುದು ಏಳಕ್ಕಿಂತ ಕಡಿಮೆ. ಆ ಕೊರತೆಯನ್ನು ಪಂಪು ತುಂಬುತ್ತಿರುತ್ತದೆ. ಇಷ್ಟೆಲ್ಲ ಎಣಿಸಬಹುದಾದ ಲೋಕದಲ್ಲಿಯೂ ಕಾರಣ ಕೈಗೆ ಸಿಗುವುದು ಕಷ್ಟವೆಂದಾದರೆ, ಆ ಕಷ್ಟ ಬರಿಯ ಮಾಹಿತಿಯ ಕೊರತೆಯಿಂದ ಹುಟ್ಟಿದ್ದಲ್ಲ. ‘ಕಾರಣ’ ಎಂಬ ಪರಿಕಲ್ಪನೆಯಲ್ಲಿಯೇ ಬಿಡಿಸಬೇಕಾದ ಗಂಟು ಇದೆ.

ಈ ಗಂಟನ್ನು ತೋರಿಸುವ ಒಂದು ನಿಜ ಘಟನೆ ಅಮೆರಿಕದ ಟೆಕ್ಸಸ್ ರಾಜ್ಯದ ಕಾರ್ಪಸ್ ಕ್ರಿಸ್ಟಿಯಲ್ಲಿ 2015ರ ಏಪ್ರಿಲ್‌ನಲ್ಲಿ ನಡೆಯಿತು. ಅಲ್ಲಿನ ಟೆಕ್ಸಸ್ ಸ್ಟೇಟ್ ಅಕ್ವೇರಿಯಂನಲ್ಲಿ ‘ಐಲಂಡ್ಸ್ ಆಫ್ ಸ್ಟೀಲ್’ ಎಂಬ ದೊಡ್ಡ ತೊಟ್ಟಿ ಇದೆ. ಮೆಕ್ಸಿಕೋ ಕೊಲ್ಲಿಯ ತೈಲಬಾವಿಗಳ ಉಕ್ಕಿನ ಕಂಬಗಳ ಸುತ್ತ ಬೆಳೆಯುವ ಕಡಲ ಜೀವನವನ್ನು ಅದು ತೋರಿಸುತ್ತದೆ. ಅದರಲ್ಲಿಯೂ ‘ಫ್ಲವರ್ ಗಾರ್ಡನ್ಸ್’ ಎಂಬ ಇನ್ನೊಂದು ತೊಟ್ಟಿಯಲ್ಲಿಯೂ ಮೀನುಗಳಿಗೆ ಪರಾವಲಂಬಿಗಳ ಕಾಟವಿತ್ತು. ಅದನ್ನು ನೀಗಿಸಲು ಟ್ರೈಕ್ಲೋರ್ಫಾನ್ ಎಂಬ ಔಷಧವನ್ನು ನೀರಿಗೆ ಹಾಕಲಾಯಿತು. ಅದು ಇಂಥ ಕಾಟಕ್ಕೆ ಬಳಕೆಯಲ್ಲಿರುವ ಔಷಧವೇ. ಮರುದಿನದ ಹೊತ್ತಿಗೆ ಸುಮಾರು 400 ಮೀನುಗಳು ಸತ್ತಿದ್ದವು. ಆ ಬಳಿಕ ನಡೆದ ಪ್ರಯೋಗಾಲಯ ಪರೀಕ್ಷೆಯಲ್ಲಿ, ಟ್ರೈಕ್ಲೋರ್ಫಾನ್ ಎಂಬ ಚೀಟಿ ಹೊತ್ತು ಬಂದ ಪೀಪಾಯಿಯಲ್ಲಿ ಇದ್ದದ್ದು ಹೈಡ್ರೋಕ್ವಿನೋನ್ ಎಂದು ತಿಳಿಯಿತು. ಫೋಟೋ ತೊಳೆಯುವ ದ್ರಾವಣಗಳಲ್ಲಿ ಬಳಸುವ ಆ ರಾಸಾಯನಿಕ ಜಲಚರಗಳಿಗೆ ಕಡುವಿಷ.

ಪರೀಕ್ಷೆಯ ಫಲ ಬರುವ ಮುನ್ನ ಒಬ್ಬರು “ಔಷಧದಿಂದ ಸತ್ತವು” ಎಂದಿದ್ದರೆ ಆ ಮಾತು ನಿಜವೋ ಸುಳ್ಳೋ? ಹಾಕಿದ ವಸ್ತುವಿನಿಂದಲೇ ಸತ್ತವು ಎಂಬಲ್ಲಿಗೆ ನಿಜ. ಆದರೆ ಔಷಧ ಕೊಲ್ಲಲಿಲ್ಲ. ಔಷಧವೆಂದು ಕರೆಸಿಕೊಂಡ ಇನ್ನೇನೋ ಕೊಂದಿತು. ಈ ವ್ಯತ್ಯಾಸಕ್ಕೆ ನ್ಯಾಯದರ್ಶನದ ನಂತರದ ಘಟ್ಟವಾದ ನವ್ಯನ್ಯಾಯದಲ್ಲಿ ಖಚಿತವಾದ ಹೆಸರಿದೆ. ಅದನ್ನು ತಲುಪುವ ಮೊದಲು ನ್ಯಾಯದರ್ಶನ ‘ಕಾರಣ’ವೆಂದು ಯಾವುದನ್ನು ಕರೆಯುತ್ತದೆ ಎಂಬುದನ್ನು ನೋಡಬೇಕು.

ಹದಿನೇಳನೆಯ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಇಂದಿಗೂ ಸಂಸ್ಕೃತ ಪಾಠಶಾಲೆಗಳಲ್ಲಿ ತರ್ಕದ ಮೊದಲ ಪುಸ್ತಕವಾಗಿ ಓದಿಸುತ್ತಾರೆ. ಅದರ ಪ್ರಕಾರ ಕಾರ್ಯಕ್ಕೆ ಮುಂಚೆ ತಪ್ಪದೆ ಇರುವುದು ಕಾರಣ. ಇಲ್ಲಿ ‘ಮುಂಚೆ’ ಎಂಬುದಕ್ಕಿಂತ ‘ತಪ್ಪದೆ’ ಎಂಬುದಕ್ಕೆ ತೂಕ ಹೆಚ್ಚು. ಭಾನುವಾರ ತೊಟ್ಟಿಯ ನೀರು ಬದಲಾಯಿಸಿ ಸೋಮವಾರ ಮೀನು ಸತ್ತರೆ, ನೀರು ಬದಲಾಯಿಸಿದ್ದು ಮುಂಚಿನದು ನಿಜ. ಆದರೆ ಅದಕ್ಕೂ ಹಿಂದಿನ ಹತ್ತು ಭಾನುವಾರ ನೀರು ಬದಲಾದಾಗ ಏನೂ ಆಗಿರಲಿಲ್ಲ. ಕಾಗೆ ಕೂತ ಹೊತ್ತಿಗೆ ತಾಳೆಹಣ್ಣು ಬಿದ್ದುದನ್ನು ಕಾಗೆಯ ಕೆಲಸವೆಂದು ತಿಳಿಯುವ ತಪ್ಪಿಗೆ ಕಾಕತಾಳೀಯವೆಂಬ ಹೆಸರು ಕನ್ನಡದ ಮನೆಮಾತಾಗಿದೆ. ಸತ್ತ ಮೀನಿನ ಮುಂದೆ ನಿಂತವರಿಗೆ ಮೊದಲು ಹೊಳೆಯುವ ಉತ್ತರ ಸಾಮಾನ್ಯವಾಗಿ ಈ ಜಾತಿಯದು, ಏಕೆಂದರೆ ನೆನಪಿನಲ್ಲಿ ಮೇಲಿರುವುದು ನಿನ್ನೆ ಮಾಡಿದ ಕೆಲಸ.

ನೈಯಾಯಿಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಪ್ಪದೆ ಮುಂಚೆ ಇರುವುದೆಲ್ಲ ಕಾರಣವಾಗುವುದಿಲ್ಲ. ಇದ್ದರೂ ಕಾರ್ಯಕ್ಕೆ ಬೇಕಿಲ್ಲದವು ಇರುತ್ತವೆ. ಅವನ್ನು ‘ಅನ್ಯಥಾಸಿದ್ಧ’ ಎಂದು ಕರೆದು ಪಕ್ಕಕ್ಕಿಟ್ಟರು. ವಿಶ್ವನಾಥನ ‘ಭಾಷಾಪರಿಚ್ಛೇದ’ ಇಂಥವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಮಡಕೆಗೆ ಕುಂಬಾರನ ಕೋಲು ಕಾರಣ, ಆದರೆ ಕೋಲಿನ ಬಣ್ಣ ಕಾರಣವಲ್ಲ. ಆಕಾಶ ಎಲ್ಲ ಕಡೆಯೂ ಇದೆ, ಹಾಗೆಂದು ಅದು ಈ ಮಡಕೆಗೆ ಕಾರಣವಲ್ಲ. ಕುಂಬಾರನ ತಂದೆ ಇಲ್ಲದಿದ್ದರೆ ಕುಂಬಾರನೇ ಇಲ್ಲ, ಆದರೂ ಮಡಕೆಗೆ ತಂದೆ ಕಾರಣನಲ್ಲ. ಮಣ್ಣು ಹೊತ್ತು ತಂದ ಕತ್ತೆಯೂ ಕಾರಣವಲ್ಲ. ಮಣ್ಣನ್ನು ಬೇರೆ ಯಾರೇ ತಂದಿದ್ದರೂ ಮಡಕೆ ಆಗುತ್ತಿತ್ತು. ಮೇಲ್ನೋಟಕ್ಕೆ ಪಾಂಡಿತ್ಯದ ಕಸರತ್ತಿನಂತೆ ಕಾಣುವ ಈ ಪಟ್ಟಿ ಪ್ರತಿಯೊಂದು ಶೋಧನೆಯಲ್ಲಿಯೂ ಕೆಲಸಕ್ಕೆ ಬರುತ್ತದೆ. ಸತ್ತ ಮೀನುಗಳ ತೊಟ್ಟಿಗೆ ವಾರದ ಹಿಂದೆ ಹೊಸ ಮೀನೊಂದು ಬಂದಿತ್ತು ಎಂದಿಟ್ಟುಕೊಂಡರೆ, ಆ ಮೀನು ಕಾರಣವೋ, ಅದು ಬಂದ ಚೀಲದ ನೀರಿನಲ್ಲಿದ್ದ ಪರಾವಲಂಬಿ ಕಾರಣವೋ? ಪರಾವಲಂಬಿ ಎಂದಾದರೆ ಮೀನು ಕತ್ತೆಯ ಸ್ಥಾನಕ್ಕೆ ಹೋಗುತ್ತದೆ. ಅದೇ ಪರಾವಲಂಬಿ ಹವಳದ ತುಂಡಿಗೆ ಅಂಟಿಕೊಂಡೂ ಬರಬಹುದಿತ್ತು.

ತಪ್ಪದೆ ಇರುವುದನ್ನು ಗುರುತಿಸುವ ದಾರಿ ಅನ್ವಯ-ವ್ಯತಿರೇಕ. ಇದು ಇದ್ದಲ್ಲಿ ಅದು ಇದೆಯೇ, ಇಲ್ಲದಲ್ಲಿ ಇಲ್ಲವೇ ಎಂದು ಎರಡು ಕಡೆಯಿಂದಲೂ ನೋಡುವುದು. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ತನ್ನ ತರ್ಕಗ್ರಂಥದಲ್ಲಿ ಕೊಟ್ಟ ವಿಧಾನಗಳಲ್ಲಿ ಮೊದಲ ಎರಡು ಇವಕ್ಕೆ ಬಹಳ ಹತ್ತಿರ. ಅಕ್ವೇರಿಯಂ ಬಲ್ಲವರು ಹೆಸರು ಹೇಳದೆಯೇ ಇದನ್ನು ಮಾಡುತ್ತಾರೆ. ಮೀನು ಸತ್ತು, ಅದೇ ನೀರಿನ ಸಿಗಡಿ, ಬಸವನಹುಳು, ಹವಳಗಳು ನೆಟ್ಟಗಿದ್ದರೆ ನೀರಿಗೆ ವಿಷ ಬಿದ್ದಿದೆ ಎಂಬ ಊಹೆ ಸಡಿಲಾಗುತ್ತದೆ. ಮೀನನ್ನು ಮಾತ್ರ ಹಿಡಿಯುವ ರೋಗದ ಕಡೆಗೆ ನೋಟ ತಿರುಗುತ್ತದೆ. ಸಿಗಡಿ ಸತ್ತು ಮೀನು ಬದುಕಿದ್ದರೆ ತಾಮ್ರದ ಮೇಲೆ ಸಂಶಯ. ಮೀನಿನ ಪರಾವಲಂಬಿಗೆ ಮದ್ದಾಗುವ ಅಳತೆಯ ತಾಮ್ರವೇ ಬೆನ್ನೆಲುಬಿಲ್ಲದ ಜೀವಿಗಳಿಗೆ ಮಾರಕ. ಎರಡೂ ಸತ್ತಿದ್ದರೆ ಅಮೋನಿಯ, ಆಮ್ಲಜನಕದ ಕೊರತೆ, ಶಾಖ, ಹೊರಗಿನ ವಿಷ ಇವೆಲ್ಲ ಸಾಲಿನಲ್ಲಿ ನಿಲ್ಲುತ್ತವೆ. ದೊಡ್ಡ ಮೀನುಗಳು ಮೊದಲು ಸತ್ತು, ಅದೂ ಬೆಳಗಿನ ಜಾವದಲ್ಲಿ ಸತ್ತಿದ್ದರೆ ಆಮ್ಲಜನಕದ ಕೊರತೆ ಸಾಲಿನ ಮುಂದಕ್ಕೆ ಬರುತ್ತದೆ: ರಾತ್ರಿ ಪಾಚಿಯೂ ಹವಳದೊಳಗಿನ ಸೂಕ್ಷ್ಮ ಸಸ್ಯಗಳೂ ಆಮ್ಲಜನಕ ಕೊಡುವುದನ್ನು ನಿಲ್ಲಿಸಿ ತೆಗೆದುಕೊಳ್ಳುವುದಕ್ಕೆ ತೊಡಗುತ್ತವೆ.

ಆದರೆ ಅನ್ವಯ-ವ್ಯತಿರೇಕವೂ ಒಂದು ಕಡೆ ಜಾರುತ್ತದೆ. ಮೀನು ಸತ್ತ ಬೆಳಿಗ್ಗೆ ನೀರು ಪರೀಕ್ಷಿಸಿದರೆ ಅಮೋನಿಯ ಹೆಚ್ಚಾಗಿರುವುದು ಸಾಮಾನ್ಯ. ಕಡಲನೀರಿನ ಕ್ಷಾರಗುಣದಲ್ಲಿ ಅಮೋನಿಯದ ವಿಷರೂಪದ ಪಾಲು ಸಿಹಿನೀರಿಗಿಂತ ಹೆಚ್ಚು. ಹಾಗಾಗಿ ಅದನ್ನೇ ಕೊಲೆಗಾರನೆಂದು ತೀರ್ಮಾನಿಸಲು ಮನಸ್ಸು ಅವಸರಪಡುತ್ತದೆ. ಆದರೆ ಸತ್ತ ಮೀನು ಕೊಳೆತಾಗ ಹುಟ್ಟುವುದೂ ಅಮೋನಿಯವೇ. ಮೊದಲು ಬೇರೇನೋ ಒಂದು ಮೀನನ್ನು ಕೊಂದು, ಅದು ಬಂಡೆಯ ಹಿಂದೆ ಕೊಳೆತು, ಆ ಅಮೋನಿಯ ಉಳಿದ ಮೀನುಗಳನ್ನು ಕೊಂದಿರಬಹುದು. ಆಗ ಅಮೋನಿಯ ಮೊದಲ ಸಾವಿನ ಕಾರ್ಯ, ನಂತರದ ಸಾವುಗಳ ಕಾರಣ. ‘ಸಾವು’ ಎಂದು ಏಕವಚನದಲ್ಲಿ ಹೇಳಿಬಿಟ್ಟರೆ ಈ ಸರಪಳಿ ಕಣ್ಣಿಗೆ ಬೀಳುವುದಿಲ್ಲ. ನ್ಯಾಯದರ್ಶನ ಕಾರ್ಯವನ್ನೂ ಕಾರಣದಷ್ಟೇ ಖಚಿತವಾಗಿ ಹೆಸರಿಸಬೇಕೆಂದು ಹಟ ಹಿಡಿಯುವುದು ಇದಕ್ಕಾಗಿಯೇ. ಯಾವ ಮೀನು, ಯಾವ ಹೊತ್ತಿಗೆ, ಯಾವುದರ ನಂತರ ಎಂಬುದು ಗೊತ್ತಿಲ್ಲದವರು ಕೇಳುತ್ತಿರುವ ಪ್ರಶ್ನೆಯೇ ಇನ್ನೂ ಪೂರ್ಣವಾಗಿಲ್ಲ.

ಈಗ ಕಾರ್ಪಸ್ ಕ್ರಿಸ್ಟಿಯ ಪೀಪಾಯಿಗೆ ಮರಳಬಹುದು. ಒಂದು ವಸ್ತುವಿನಲ್ಲಿ ಹಲವು ಧರ್ಮಗಳು ಇರುತ್ತವೆ. ಆ ಪೀಪಾಯಿಯ ಪುಡಿಗೆ ಮಾರಾಟಗಾರರಿಂದ ಬಂದದ್ದೆಂಬ ಧರ್ಮವಿತ್ತು, ಚೀಟಿ ಅಂಟಿಸಿಕೊಂಡದ್ದೆಂಬ ಧರ್ಮವಿತ್ತು, ಚಿಕಿತ್ಸೆಗೆ ಬಳಸಿದ್ದೆಂಬ ಧರ್ಮವಿತ್ತು, ಹೈಡ್ರೋಕ್ವಿನೋನ್ ಎಂಬ ಧರ್ಮವೂ ಇತ್ತು. ಇವುಗಳಲ್ಲಿ ಯಾವ ಧರ್ಮದ ಬಲದಿಂದ ಅದು ಸಾವಿಗೆ ಕಾರಣವಾಯಿತೋ ಆ ಧರ್ಮಕ್ಕೆ ನವ್ಯನೈಯಾಯಿಕರು ‘ಕಾರಣತಾವಚ್ಛೇದಕ’ ಎನ್ನುತ್ತಾರೆ, ಎಂದರೆ ಕಾರಣವಾಗಿರುವಿಕೆಗೆ ಗೆರೆ ಎಳೆಯುವ ಗುಣ. ಕೋಲು ಕೋಲಾಗಿ ಮಡಕೆಗೆ ಕಾರಣ, ಕಂದುಬಣ್ಣದ್ದಾಗಿ ಅಲ್ಲ. ಪೀಪಾಯಿಯಲ್ಲಿದ್ದದ್ದು ಹೈಡ್ರೋಕ್ವಿನೋನ್ ಆಗಿ ಸಾವಿಗೆ ಕಾರಣ, ಚಿಕಿತ್ಸೆಯಾಗಿ ಅಲ್ಲ. ಈ ಗೆರೆಯನ್ನು ತಪ್ಪಾದ ಕಡೆ ಎಳೆದರೆ ಪಾಠವೂ ತಪ್ಪಾಗುತ್ತದೆ. ಚಿಕಿತ್ಸೆಯಿಂದ ಸತ್ತವು ಎಂದು ತಿಳಿದವರು ಮುಂದೆ ರೋಗ ಬಂದಾಗ ಚಿಕಿತ್ಸೆಯನ್ನೇ ಬಿಡುತ್ತಾರೆ, ಮೀನುಗಳು ರೋಗದಿಂದ ಸಾಯುತ್ತವೆ. ಟ್ರೈಕ್ಲೋರ್ಫಾನ್‌ನಿಂದ ಸತ್ತವು ಎಂದು ತಿಳಿದವರು ಒಂದು ಒಳ್ಳೆಯ ಔಷಧವನ್ನು ಕಳೆದುಕೊಳ್ಳುತ್ತಾರೆ. ಕಾರಣಶೋಧನೆ ಎಂದರೆ ವಸ್ತುವನ್ನು ಬೊಟ್ಟುಮಾಡಿ ತೋರಿಸುವುದಲ್ಲ, ಆ ವಸ್ತು ಯಾವ ರೂಪದಲ್ಲಿ ಕಾರಣವಾಯಿತು ಎಂದು ಹೇಳುವುದು. ಕಾರಣದ ಬಗ್ಗೆ ನಡೆದ ಜಗತ್ತಿನ ಎಲ್ಲ ಚಿಂತನೆಯಲ್ಲಿ ಇಷ್ಟು ಉಪಯುಕ್ತವಾದ ಇನ್ನೊಂದು ಸಾಧನ ಸಿಗುವುದು ಕಷ್ಟ. ನವ್ಯನ್ಯಾಯವನ್ನು ಒಣತರ್ಕವೆಂದು ತಳ್ಳಿಹಾಕುವ ರೂಢಿ ಈ ದೃಷ್ಟಿಯಿಂದ ಅನ್ಯಾಯದ್ದು.

ಒಂದೇ ಸಂಗತಿಯಿಂದ ಕಾರ್ಯ ಹುಟ್ಟುತ್ತದೆಂದು ನ್ಯಾಯ ಹೇಳುವುದಿಲ್ಲ. ಎಲ್ಲ ಕಾರಣಗಳೂ ಕೂಡಿ ಬಂದಾಗ ಮಾತ್ರ ಕಾರ್ಯ. ಆ ಕೂಟಕ್ಕೆ ‘ಸಾಮಗ್ರಿ’ ಎಂದು ಹೆಸರು. ಅಡುಗೆಯ ಸಾಮಗ್ರಿ, ಪೂಜೆಯ ಸಾಮಗ್ರಿ ಎಂಬ ಇಂದಿನ ಬಳಕೆಯಲ್ಲಿಯೂ ಒಂದು ಕಡಿಮೆಯಾದರೆ ಕೆಲಸ ನಿಲ್ಲುತ್ತದೆಂಬ ಭಾವ ಉಳಿದುಕೊಂಡಿದೆ. ಬೌದ್ಧರ ಪ್ರತೀತ್ಯಸಮುತ್ಪಾದ ಇನ್ನೊಂದು ದಾರಿಯಿಂದ ಇದೇ ಕಡೆಗೆ ಬರುತ್ತದೆ: ಪ್ರತಿಯೊಂದೂ ಇತರ ಪ್ರತ್ಯಯಗಳನ್ನು, ಎಂದರೆ ಷರತ್ತುಗಳನ್ನು, ನೆಮ್ಮಿ ಹುಟ್ಟುತ್ತದೆ, ಸ್ವತಂತ್ರವಾಗಿ ನಿಂತ ಕಾರಣವಿಲ್ಲ. ನಾಗಾರ್ಜುನನ ‘ಮೂಲಮಧ್ಯಮಕಕಾರಿಕೆ’ಯ ಮೊದಲ ಪ್ರಕರಣವೇ ಪ್ರತ್ಯಯಗಳ ಪರೀಕ್ಷೆ. ಮಿಲ್ ಕೂಡ ತತ್ತ್ವದ ದೃಷ್ಟಿಯಿಂದ ಎಲ್ಲ ಷರತ್ತುಗಳ ಮೊತ್ತವೇ ಕಾರಣವೆಂದ; ಅದರಲ್ಲಿ ಒಂದನ್ನು ಹೆಕ್ಕಿ ಅದೇ ಕಾರಣವೆನ್ನುವುದು ಬಳಕೆಯ ಮಾತು. ಆದರೂ ಹೆಕ್ಕುವುದು ಅನಿವಾರ್ಯ. ಕಾನೂನುತಜ್ಞರಾದ ಹಾರ್ಟ್ ಮತ್ತು ಆನರೆ 1959ರ ತಮ್ಮ ಗ್ರಂಥದಲ್ಲಿ ಜನ ಹೆಕ್ಕುವ ಬಗೆಯನ್ನು ಪರಿಶೀಲಿಸಿದರು. ವಾಡಿಕೆಗೆ ಹೊರತಾದುದನ್ನು, ಇಲ್ಲವೇ ಮನುಷ್ಯನ ಉದ್ದೇಶಪೂರ್ವಕ ಕೃತ್ಯವನ್ನು ಜನ ಕಾರಣವೆನ್ನುತ್ತಾರೆ ಎಂಬುದು ಅವರು ಕಂಡುಕೊಂಡದ್ದು. ಮೀನಿಗೆ ಆಮ್ಲಜನಕ ಬೇಕೆಂಬುದು ಯಾವಾಗಲೂ ಇರುವ ಸಂಗತಿ, ಅದನ್ನು ಯಾರೂ ಸಾವಿನ ಕಾರಣವೆನ್ನುವುದಿಲ್ಲ. ಆ ರಾತ್ರಿ ಕರೆಂಟು ಹೋದದ್ದು ವಾಡಿಕೆಗೆ ಹೊರತು. ದಿನವೂ ಕರೆಂಟು ಹೋಗುವ ಊರಿನಲ್ಲಿ ಅದೂ ವಾಡಿಕೆಯೇ. ಅಲ್ಲಿ ಬ್ಯಾಟರಿಯಿಂದ ಓಡುವ ಗಾಳಿಪಂಪು ಇಡದಿದ್ದುದೇ ಕಾರಣವೆನಿಸುತ್ತದೆ.

ಇಲ್ಲಿ ಒಂದು ಹಳೆಯ ವಾದ ಎದುರಾಗುತ್ತದೆ. ಪಂಪು ನಿಂತದ್ದು, ಬ್ಯಾಟರಿ ಇಲ್ಲದ್ದು ಇವೆಲ್ಲ ಇಲ್ಲಗಳು. ಇಲ್ಲದ್ದು ಏನನ್ನಾದರೂ ಮಾಡೀತೇ? ಮಣಿಯೊಂದು ಹತ್ತಿರವಿದ್ದರೆ ಬೆಂಕಿ ಸುಡುವುದಿಲ್ಲ, ಮಣಿಯನ್ನು ತೆಗೆದರೆ ಸುಡುತ್ತದೆ ಎಂಬ ಶಾಸ್ತ್ರದ ಉದಾಹರಣೆಯನ್ನು ಮುಂದಿಟ್ಟು ಮೀಮಾಂಸಕರೂ ನೈಯಾಯಿಕರೂ ದೀರ್ಘವಾಗಿ ವಾದಿಸಿದ್ದಾರೆ. ಬೆಂಕಿಯಲ್ಲಿ ಸುಡುವ ಶಕ್ತಿ ಎಂಬ ಪ್ರತ್ಯೇಕ ಪದಾರ್ಥವಿದೆ, ಮಣಿ ಅದನ್ನು ಕುಗ್ಗಿಸುತ್ತದೆ ಎಂದರು ಮೀಮಾಂಸಕರು. ಶಕ್ತಿಯೆಂಬ ಕಾಣದ ವಸ್ತು ಬೇಕಿಲ್ಲ, ತಡೆಯ ಅಭಾವವೂ ಕಾರಣಗಳಲ್ಲಿ ಒಂದು ಎಂದು ಉದಯನಾಚಾರ್ಯ ‘ನ್ಯಾಯಕುಸುಮಾಂಜಲಿ’ಯಲ್ಲಿ ವಾದಿಸಿದ. ಅಕ್ವೇರಿಯಂ ಉದಯನನ ಪಕ್ಷಕ್ಕೆ ಬಲ ಕೊಡುತ್ತದೆ. ತೊಟ್ಟಿಯ ಬದುಕು ನಡೆಯುವುದೇ ತಡೆಗಳ ಮೇಲೆ. ಸಾವನ್ನು ತಡೆಯುವ ಪಂಪು, ಶಾಖ ಇಳಿಯದಂತೆ ತಡೆಯುವ ಹೀಟರ್, ಅಮೋನಿಯ ಸೇರದಂತೆ ತಡೆಯುವ ಬ್ಯಾಕ್ಟೀರಿಯಗಳು. ಇವುಗಳಲ್ಲಿ ಒಂದು ಸರಿದರೆ ಸಾವಿಗೆ ಬೇಕಾದ ಸಾಮಗ್ರಿ ಪೂರ್ತಿಯಾಗುತ್ತದೆ. ಅಭಾವವನ್ನು ಕಾರಣವೆಂದು ಒಪ್ಪದಿದ್ದರೆ ಇಂಥ ಸಾವುಗಳನ್ನು ವಿವರಿಸುವುದು ಸಾಧ್ಯವಿಲ್ಲ. ಮಾಡದೆ ಬಿಟ್ಟ ಕೆಲಸಕ್ಕೆ ಯಾರನ್ನೂ ಹೊಣೆ ಮಾಡುವುದೂ ಸಾಧ್ಯವಿಲ್ಲ.

ಕಾರಣ ಹತ್ತಿರದಲ್ಲಿಯೇ ಇರಬೇಕೆಂದೇನೂ ಇಲ್ಲ. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವನ್ನು ಸಾಕಣೆಯಲ್ಲಿ ಬೆಳೆಸಲಾಗುತ್ತದೆ. ಕಡಲಿನ ಜಾತಿಗಳಲ್ಲಿ ಹೆಚ್ಚಿನವನ್ನು ಇಂದಿಗೂ ಹವಳದ ದಿಬ್ಬಗಳಿಂದ ಹಿಡಿದು ತರಲಾಗುತ್ತದೆ. 1960ರ ದಶಕದಲ್ಲಿ ಫಿಲಿಪ್ಪೀನ್ಸಿನಲ್ಲಿ ಒಂದು ಕ್ರೂರ ಪದ್ಧತಿ ಬೆಳೆಯಿತು. ಸೋಡಿಯಂ ಸಯನೈಡನ್ನು ನೀರಿನಲ್ಲಿ ಕರಗಿಸಿ ಪ್ಲಾಸ್ಟಿಕ್ ಬಾಟಲಿಯಿಂದ ಹವಳದ ಸಂದುಗಳಿಗೆ ಚಿಮ್ಮಿಸುವುದು, ಮಂಪರಿಗೆ ಬಿದ್ದ ಮೀನನ್ನು ಕೈಯಲ್ಲಿ ಹಿಡಿಯುವುದು. ಆ ದೇಶದ ಕಾನೂನು ಇದನ್ನು ನಿಷೇಧಿಸಿದೆ, ಆದರೂ ಅದು ನೆರೆಯ ಇಂಡೊನೇಷ್ಯಾಕ್ಕೂ ಹಬ್ಬಿತು. ಸಯನೈಡು ಜೀವಕೋಶಗಳು ಆಮ್ಲಜನಕವನ್ನು ಬಳಸದಂತೆ ಮಾಡುತ್ತದೆ. ಹಾಗೆ ಹಿಡಿದ ಮೀನು ಚೇತರಿಸಿಕೊಂಡಂತೆ ಕಂಡು, ಹಡಗು ವಿಮಾನ ಅಂಗಡಿಗಳನ್ನು ದಾಟಿ, ಸಾವಿರಾರು ಮೈಲಿ ದೂರದ ತೊಟ್ಟಿಯಲ್ಲಿ ದಿನಗಳ ಮೇಲೆ ಸಾಯಬಹುದು. ಸಾಕಿದವರು ನೀರು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಕಳೆದುಹೋದ ಕ್ರಿಯೆ ಈಗಿನ ಫಲವನ್ನು ತರುವುದು ಹೇಗೆ ಎಂಬುದು ಮೀಮಾಂಸೆಯ ಹಳೆಯ ತೊಡಕು. ಯಜ್ಞ ಇಂದು ಮುಗಿಯುತ್ತದೆ, ಸ್ವರ್ಗ ಮರಣದ ಮೇಲೆ. ನಡುವಿನ ಅಂತರವನ್ನು ದಾಟಿಸಲು ಮೀಮಾಂಸಕರು ‘ಅಪೂರ್ವ’ ಎಂಬುದನ್ನು ಒಪ್ಪಿದರು. ನೈಯಾಯಿಕರು ಇಂಥ ನಡುಕೊಂಡಿಗೆ ‘ವ್ಯಾಪಾರ’ ಎನ್ನುತ್ತಾರೆ: ಕಾರಣದಿಂದ ಹುಟ್ಟಿ, ಆ ಕಾರಣದ ಕಾರ್ಯವನ್ನು ಹುಟ್ಟಿಸುವಂಥದ್ದು. ಸಯನೈಡಿನ ವಿಷಯದಲ್ಲಿ ಈ ಕೊಂಡಿ ಕಾಣದ್ದೇನಲ್ಲ. ಮೀನಿನ ಒಡಲೊಳಗೆ ಆದ ಹಾನಿಯೇ ಅದು. ಕುಂಬಾರನ ತಂದೆ ಯಾಕೆ ಕಾರಣನಲ್ಲ, ದೂರದ ಬೆಸ್ತ ಯಾಕೆ ಕಾರಣ ಎಂಬುದೂ ಇಲ್ಲಿ ತಿಳಿಯಾಗುತ್ತದೆ. ಕಡಲಿನಿಂದ ಹಿಡಿದು ತಂದದ್ದೆಂಬ ಮಾತ್ರಕ್ಕೆ ಈ ಸಾವಿಗೆ ಕಾರಣವಾಗುವುದಿಲ್ಲ, ಬಲೆಯಿಂದ ಹಿಡಿದ ಮೀನುಗಳೂ ಬದುಕಿವೆ. ವಿಷದಿಂದ ಹಿಡಿದದ್ದು ಎಂಬ ರೂಪದಲ್ಲಿ ಕಾರಣ. ಗೆರೆ ಎಳೆಯುವ ಗುಣವೇ ಮತ್ತೆ ಇಲ್ಲಿ ತೀರ್ಪು ಕೊಡುತ್ತದೆ.

ಕಾರ್ಯವನ್ನು ನೋಡಿ ಕಾರಣವನ್ನು ಊಹಿಸುವುದಕ್ಕೆ ‘ನ್ಯಾಯಸೂತ್ರ’ದಲ್ಲಿ ‘ಶೇಷವತ್’ ಅನುಮಾನವೆಂದು ಹೆಸರು. ಹೊಳೆ ತುಂಬಿ ಹರಿಯುವುದನ್ನು ಕಂಡು ಮೇಲ್ಗಡೆ ಮಳೆಯಾಗಿದೆ ಎನ್ನುವುದು ಅದಕ್ಕೆ ಸಿದ್ಧ ಉದಾಹರಣೆ. ಸೂತ್ರಕಾರ ಅದಕ್ಕೆ ಬರುವ ಆಕ್ಷೇಪವನ್ನೂ ತಾನೇ ಎತ್ತುತ್ತಾನೆ: ಹರಿವಿಗೆ ಅಡ್ಡ ಬಿದ್ದರೂ ಹೊಳೆ ತುಂಬುತ್ತದಲ್ಲ? ಸಮಾಧಾನ ಹೀಗಿದೆ: ಬರಿಯ ತುಂಬುವಿಕೆಯಿಂದ ಯಾರೂ ಮಳೆಯನ್ನು ಊಹಿಸುವುದಿಲ್ಲ, ರಭಸ, ನೊರೆ, ತೇಲಿ ಬರುವ ಎಲೆ ಕಡ್ಡಿಗಳು ಇವೆಲ್ಲ ಸೇರಿದ ವಿಶಿಷ್ಟ ತುಂಬುವಿಕೆಯಿಂದ ಊಹಿಸುತ್ತಾರೆ. ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿತ್ತು ಎಂಬುದು ತುಂಬಿದ ಹೊಳೆಯಂಥ ಕುರುಹು. ಆಮ್ಲಜನಕ ಸಾಲದಿದ್ದರೂ ಹಾಗೆ ಮಾಡುತ್ತದೆ, ಅಮೋನಿಯ ಕಿವಿರನ್ನು ಸುಟ್ಟರೂ ಮಾಡುತ್ತದೆ, ವೆಲ್ವೆಟ್ ರೋಗ ತರುವ ಅಮೈಲೂಡಿನಿಯಂ ಎಂಬ ಸೂಕ್ಷ್ಮಜೀವಿ ಕಿವಿರಿನಲ್ಲಿ ತುಂಬಿಕೊಂಡರೂ ಮಾಡುತ್ತದೆ. ವೆಲ್ವೆಟ್ ಆಗಿದ್ದರೆ ಮೈಮೇಲೆ ಬಂಗಾರದ ಪುಡಿ ಚೆಲ್ಲಿದಂಥ ಹೊಳಪು ಕಾಣಿಸಬಹುದು. ಕೆಲವು ಸಲ ಕಿವಿರಿಗೆ ಮಾತ್ರ ಹತ್ತಿ, ಮೈಮೇಲೆ ಏನೂ ಕಾಣಿಸದೆಯೇ ಒಂದೆರಡು ದಿನದಲ್ಲಿ ಮೀನು ಸಾಯುತ್ತದೆ. ಆಗ ಕಿವಿರಿನ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡದೆ ಹೇಳುವ ಮಾತೆಲ್ಲ ಊಹೆಯೇ.

ಶೇಷವತ್ ಅನುಮಾನಕ್ಕೆ ಇದಕ್ಕಿಂತ ದೊಡ್ಡ ಸವಾಲನ್ನು ಹಾಕಿದವನು ಅಕ್ವೇರಿಯಂಗಳನ್ನು ಜನಪ್ರಿಯಗೊಳಿಸಿದವನೇ ಎಂಬುದು ಗಮನಿಸಬೇಕಾದ ಸಂಗತಿ. ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ 1854ರಲ್ಲಿ ‘ದಿ ಅಕ್ವೇರಿಯಂ’ ಎಂಬ ಪುಸ್ತಕ ಬರೆದ. ಕಡಲ ಜೀವಿಗಳನ್ನು ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಗೀಳು ಆ ದೇಶದಲ್ಲಿ ಹಬ್ಬಿದ್ದು ಅದರಿಂದ. ಅವನು ಪ್ಲಿಮತ್ ಬ್ರದರೆನ್ ಎಂಬ ಕ್ರೈಸ್ತ ಪಂಗಡದ ಗಾಢ ಭಕ್ತ. ಭೂಮಿಯ ಪದರಗಳು ಅದರ ವಯಸ್ಸನ್ನು ಬಹಳ ಹಿಂದಕ್ಕೆ ಒಯ್ಯುತ್ತಿದ್ದ ಕಾಲವದು. ಬೈಬಲಿನ ಸೃಷ್ಟಿಕಥೆಯನ್ನು ಉಳಿಸಲು ಅವನು 1857ರಲ್ಲಿ ‘ಓಂಫಲೋಸ್’ ಎಂಬ ಗ್ರಂಥ ಬರೆದ. ಆ ಗ್ರೀಕ್ ಪದಕ್ಕೆ ಹೊಕ್ಕುಳು ಎಂದರ್ಥ. ತಾಯಿಯಿಲ್ಲದೆ ಸೃಷ್ಟಿಯಾದ ಆದಾಮನಿಗೂ ಹೊಕ್ಕುಳಿತ್ತು, ಹಾಗೆಯೇ ಎಂದೂ ನಡೆಯದ ಗತಕಾಲದ ಗುರುತುಗಳನ್ನು ಹೊತ್ತೇ ಭೂಮಿ ಸೃಷ್ಟಿಯಾಯಿತು ಎಂಬುದು ಅವನ ವಾದ. ಅವನ ಗೆಳೆಯ, ಪಾದ್ರಿಯೂ ಲೇಖಕನೂ ಆದ ಚಾರ್ಲ್ಸ್ ಕಿಂಗ್ಸ್ಲಿ ಕೂಡ ಇದನ್ನು ಒಪ್ಪಲಿಲ್ಲ. ದೇವರು ಬಂಡೆಗಳ ಮೇಲೆ ಸುಳ್ಳು ಬರೆದನೆಂದು ನಂಬುವುದು ಅವನಿಂದಾಗಲಿಲ್ಲ.

ಗಾಸ್‌ನ ವಾದವನ್ನು ತರ್ಕದಿಂದ ಮುರಿಯುವುದು ಸುಲಭವಲ್ಲ. ಕಾರಣವಿಲ್ಲದೆಯೂ ಕಾರ್ಯದ ಗುರುತು ಇರಬಹುದೆಂದ ಮೇಲೆ ಯಾವ ಸಾಕ್ಷಿಯೂ ಅದನ್ನು ಅಲ್ಲಗಳೆಯಲಾರದು. ಆದರೆ ಅದನ್ನು ಒಪ್ಪಿದವರು ಸತ್ತ ಮೀನಿನ ಕಿವಿರನ್ನು ನೋಡಿ ಏನನ್ನೂ ಹೇಳುವಂತಿಲ್ಲ. ಬೆಂದ ಕಿವಿರು ಸುಡದೆಯೂ ಬೆಂದದ್ದಾಗಿರಬಹುದು. ತನ್ನ ತೊಟ್ಟಿಯಲ್ಲಿ ಒಂದು ಜೀವಿ ಸತ್ತಾಗ ಗಾಸ್‌ನೂ ನೀರನ್ನೇ ನೋಡುತ್ತಿದ್ದ ಎನ್ನಲು ಅವನ ಪುಸ್ತಕಗಳ ಎಚ್ಚರದ ವಿವರಣೆಗಳೇ ಸಾಕ್ಷಿ. ಭೂಮಿಗೆ ಒಂದು ನಿಯಮ, ತೊಟ್ಟಿಗೆ ಒಂದು ನಿಯಮ ಎಂಬುದು ನಿಲ್ಲುವ ಮಾತಲ್ಲ.

ದೈವವನ್ನು ತರುವ ಇನ್ನೊಂದು ದಾರಿ ಇದಕ್ಕಿಂತ ಹೆಚ್ಚು ಗಂಭೀರವಾದದ್ದು. ‘ಶ್ವೇತಾಶ್ವತರ ಉಪನಿಷತ್ತು’ ಆರಂಭದಲ್ಲಿಯೇ ಕಾರಣ ಯಾವುದೆಂದು ಕೇಳಿ ಕಾಲ, ಸ್ವಭಾವ, ನಿಯತಿ, ಯದೃಚ್ಛೆ, ಭೂತಗಳು ಎಂದು ಒಂದೊಂದನ್ನೂ ಪರಿಶೀಲನೆಗೆ ಇಡುತ್ತದೆ. ‘ಭಗವದ್ಗೀತೆ’ಯ ಹದಿನೆಂಟನೆಯ ಅಧ್ಯಾಯ ಕರ್ಮಕ್ಕೆ ಐದು ಕಾರಣಗಳನ್ನು ಹೇಳುವಾಗ ದೈವವನ್ನು ಐದನೆಯದಾಗಿ ಎಣಿಸುತ್ತದೆ. ಆಶ್ರಯ, ಕರ್ತೃ, ಸಾಧನ, ಚೇಷ್ಟೆಗಳನ್ನು ಅಲ್ಲಿ ಬಿಟ್ಟಿಲ್ಲ. ಒಬ್ಬನೇ ಕರ್ತೃವೆಂದು ಕಾಣುವವನ ನೋಟ ಸರಿಯಲ್ಲವೆಂದೂ ಅಲ್ಲಿಯೇ ಹೇಳಿದೆ. ಜೈನರಲ್ಲಿ ಸಿದ್ಧಸೇನ ದಿವಾಕರ ಕಾಲ, ಸ್ವಭಾವ, ನಿಯತಿ, ಹಿಂದಿನ ಕರ್ಮ, ಪುರುಷಪ್ರಯತ್ನ ಇವುಗಳಲ್ಲಿ ಒಂದನ್ನೇ ಹಿಡಿದರೆ ಮಿಥ್ಯೆ, ಕೂಡಿದರೆ ಸಮ್ಯಕ್ತ್ವ ಎಂದ. “ವಿಧಿ, ಏನು ಮಾಡುವುದು” ಎಂದು ಮೀನನ್ನು ಎತ್ತಿ ಹೊರಗೆ ಹಾಕುವವರಿಗೆ ಈ ಗ್ರಂಥಗಳಲ್ಲಿ ಯಾವುದೂ ಆಸರೆ ಕೊಡುವುದಿಲ್ಲ. ಉಳಿದ ನಾಲ್ಕನ್ನು ನೋಡಿ ಮುಗಿಸದವರು ಐದನೆಯದರ ಹೆಸರೆತ್ತುವಂತಿಲ್ಲ.

ಕೊನೆಗೆ ಹೊಣೆಯ ಪ್ರಶ್ನೆ. ಕಾರ್ಪಸ್ ಕ್ರಿಸ್ಟಿಯಲ್ಲಿ ಪುಡಿಯನ್ನು ನೀರಿಗೆ ಸುರಿದ ಕೈ ಮೀನುಗಳನ್ನು ಬದುಕಿಸಲು ಬಯಸಿದ ಕೈ. ಅದರ ಕ್ರಿಯೆ ಸಾವಿಗೆ ಕಾರಣ, ಇದರಲ್ಲಿ ಸಂದೇಹವಿಲ್ಲ. ಅದು ಹಿಂಸೆಯೇ? ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಪ್ರಾಣ ಹೋದದ್ದನ್ನಷ್ಟೇ ಹಿಂಸೆ ಎನ್ನುವುದಿಲ್ಲ. ಪ್ರಮಾದ ಕೂಡಿದ ಪ್ರಾಣಹರಣಕ್ಕೆ ಆ ಹೆಸರು. ಕರ್ನಾಟಕದ ಜೈನ ಪರಂಪರೆ ಗೌರವದಿಂದ ನೆನೆಯುವ ಪೂಜ್ಯಪಾದರು ಆ ಸೂತ್ರದ ವ್ಯಾಖ್ಯಾನವಾದ ‘ಸರ್ವಾರ್ಥಸಿದ್ಧಿ’ಯಲ್ಲಿ ಇದನ್ನೇ ಬಿಡಿಸುತ್ತಾರೆ: ನೋಡಿ ಹೆಜ್ಜೆಯಿಡುವ ಮುನಿಯ ಕಾಲಡಿ ಹುಳು ಸಿಕ್ಕಿ ಸತ್ತರೂ ಅವನಿಗೆ ಬಂಧವಿಲ್ಲ, ಎಚ್ಚರವಿಲ್ಲದವನಿಗೆ ಯಾವ ಜೀವಿ ಸಾಯದಿದ್ದರೂ ಬಂಧವಿದೆ. ಇದರ ಇನ್ನೊಂದು ಮುಖವನ್ನು ಜನ್ನನ ‘ಯಶೋಧರ ಚರಿತೆ’ 1209ರಲ್ಲಿಯೇ ಕನ್ನಡಿಗರ ಮುಂದಿಟ್ಟಿದೆ. ಅಲ್ಲಿ ಯಶೋಧರ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಸಂಕಲ್ಪದ ಹಿಂಸೆಗಾಗಿ ಅವನೂ ತಾಯಿಯೂ ಪ್ರಾಣಿಜನ್ಮಗಳನ್ನು ಸುತ್ತುತ್ತಾರೆ. ಅವುಗಳಲ್ಲಿ ಒಂದು ಮೀನಿನ ಜನ್ಮ.

ಕಾರಣವಾಗುವುದು ಬೇರೆ, ದೋಷಿಯಾಗುವುದು ಬೇರೆ ಎಂಬುದು ಇದರಿಂದ ಗಟ್ಟಿಯಾಗುತ್ತದೆ. ಚೀಟಿಯನ್ನು ನಂಬಿ ಪುಡಿ ಸುರಿದವರು ಕಾರಣದ ಸಾಲಿನಲ್ಲಿ ಕೊನೆಯವರು; ಪ್ರಮಾದ ಇರುವುದು ತಪ್ಪು ಚೀಟಿ ಅಂಟಿದ ಕಡೆ. ಮನೆಯ ತೊಟ್ಟಿಯ ಮಾತು ಅಷ್ಟು ಹಗುರವಲ್ಲ. ಹೊಸ ಮೀನನ್ನು ಬೇರೆ ತೊಟ್ಟಿಯಲ್ಲಿ ಕೆಲವು ವಾರ ಇಟ್ಟು ನೋಡದೆ ನೇರವಾಗಿ ಬಿಟ್ಟವರು, ಬ್ಯಾಕ್ಟೀರಿಯ ನೆಲೆಗೊಳ್ಳುವ ಮೊದಲೇ ತೊಟ್ಟಿ ತುಂಬಿದವರು, ಹೇಗೆ ಹಿಡಿದದ್ದೆಂದು ಕೇಳದೆ ಅಗ್ಗಕ್ಕೆ ಕೊಂಡವರು “ಗೊತ್ತಿರಲಿಲ್ಲ” ಎಂದು ಹೇಳಿದರೆ ಪೂಜ್ಯಪಾದರ ಅಳತೆಯಲ್ಲಿ ಅದು ಬಿಡುಗಡೆಯ ಮಾತಲ್ಲ. ತಿಳಿಯಬಹುದಾದುದನ್ನು ತಿಳಿಯದಿರುವುದಕ್ಕೇ ಪ್ರಮಾದ ಎಂದು ಹೆಸರು. ತನ್ನ ಇಚ್ಛೆಯಿಂದ ತೊಟ್ಟಿಗೆ ಬಂದ ಮೀನು ಒಂದೂ ಇಲ್ಲ. ಆದ್ದರಿಂದ ಅದರ ಸಾವಿನ ಕಾರಣವನ್ನು ಹುಡುಕುವುದು ಸಾಕಿದವರು ತೀರಿಸಬೇಕಾದ ಋಣ.

ಆ ಹುಡುಕಾಟಕ್ಕೆ ಕಾಲ ಬಹಳ ಕಡಿಮೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಸತ್ತ ಮೀನಿನ ಕಿವಿರು ಕೆಲವೇ ಗಂಟೆಗಳಲ್ಲಿ ಕೊಳೆತು ಸಾಕ್ಷ್ಯ ಅಳಿಸಿಹೋಗುತ್ತದೆ. ದೇಹವನ್ನು ಹೊರತೆಗೆದು ಮಂಜುಗಡ್ಡೆಯ ಮೇಲೆ ತಣ್ಣಗಿಡಬೇಕು, ಹೆಪ್ಪುಗಟ್ಟಿಸಬಾರದು; ಹೆಪ್ಪುಗಟ್ಟಿದರೆ ಅಂಗಾಂಶಗಳು ಒಡೆಯುತ್ತವೆ. ನೀರು ಬದಲಾಯಿಸುವುದಕ್ಕೆ ಕೈಹಾಕುವ ಮುನ್ನ ಹಳೆಯ ನೀರನ್ನು ಒಂದು ಶುದ್ಧ ಬಾಟಲಿಯಲ್ಲಿ 500 ಮಿಲಿಲೀಟರಿನಷ್ಟು ತೆಗೆದಿಡಬೇಕು, ಅದರ ಮೇಲೆ ದಿನಾಂಕ ಮತ್ತು ಸಮಯ ಬರೆದಿಡಬೇಕು.